ಪೆಟ್ಟಿಗೆಯಲ್ಲಿದ್ದ ಎರಡು ಕಲ್ಲು

ಕಲ್ಲನ್ನು ಬಿಸಾಕಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡ್ತೀನಿ. ಟೀಚರಮ್ಮ ಈ ಕತೆಯನ್ನು ಮನೆಗೆ ಬಂದೋರಿಗೆಲ್ಲ ತಮಗೆ ಬೇಕಾದ ಹಾಗೆ ಹೇಳ್ತಾರೆ. ಅವರ ಕತೆಯಲ್ಲಿ ನಾನು ಒಂದು ದಿನ ಪೆದ್ದಿ, ಇನ್ನೊಂದು ದಿನ ದೊಡ್ಡ ಮನಸ್ಸಿನೋಳು. ಎರಡೂ ಅಲ್ಲ. ನಡೆದದ್ದು ನಡೆದ ಹಾಗೆ ಬರೀತೀನಿ. ನನಗೆ ಅಕ್ಷರ ಕಲಿಸಿದ್ದೂ ಅವರೇ, ನಲವತ್ತು ದಾಟಿದ ಮೇಲೆ, ಅಡುಗೆಮನೆ ಕಟ್ಟೆಯ ಮೇಲೆ ರಾಗಿಹಿಟ್ಟು ಹರಡಿ. ಒತ್ತಕ್ಷರ ತಪ್ಪಿದ್ದರೆ ಅವರನ್ನೇ ಕೇಳಿ.

ಟೀಚರಮ್ಮ ಅಂದರೆ ತಿಪಟೂರಿನಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲೆ ಅಡುಗೆ ಮಾಡಿಕೊಂಡಿರೋ ಮನೆಯ ಯಜಮಾನಿ. ಹೈಸ್ಕೂಲಲ್ಲಿ ಚರಿತ್ರೆ ಹೇಳಿಕೊಡ್ತಿದ್ದರು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದೋರಿಗೆ "ಪುರುಸೊತ್ತಾಗಲಿಲ್ಲ" ಅಂತಿದ್ದರು. ಈಗ ಕಣ್ಣು ಹೋಗ್ತಾ ಇದೆ. ಅಕ್ಕಪಕ್ಕದ್ದು ಏನೂ ಕಾಣಲ್ಲ, ನೇರಕ್ಕೆ ಮಾತ್ರ ಕೊಳವೆಯೊಳಗಿಂದ ನೋಡಿದ ಹಾಗೆ ಒಂದಿಷ್ಟು ಕಾಣುತ್ತಂತೆ. ಆದರೆ ಅಡುಗೆಮನೆಯಲ್ಲಿ ನಾನು ಹಾಲಿನ ಪಾತ್ರೆ ಮುಚ್ಚದೆ ಬಿಟ್ಟರೆ ಅದು ಮಾತ್ರ ನಡುಮನೆಯಿಂದಲೇ ಕಾಣುತ್ತೆ.

ನಾನು ಹಂದನಕೆರೆ ಕಡೆಯ ಹಟ್ಟಿಯೋಳು. ಗಂಡ ಹೋದ ಮೇಲೆ ತಿಪಟೂರಿಗೆ ಬಂದು, ಟೀಚರಮ್ಮನ ಮನೆ ಸೇರೋಕೆ ಮುಂಚೆ ಹನ್ನೊಂದು ವರ್ಷ ಕೊಬ್ಬರಿ ಆಯೋ ಕೆಲಸ ಮಾಡಿದೆ. ರೈತರು ತಂದ ಉಂಡೆ ಕೊಬ್ಬರಿ ಚೀಲ ಸುರಿದು, ಒಳ್ಳೇದು ಒಂದು ಕಡೆ, ಬೂಸಲು ಹಿಡಿದಿದ್ದು ಒಂದು ಕಡೆ ಮಾಡೋದು. ಕಣ್ಣಿಗಿಂತ ಕೈಗೇ ಕೆಲಸ. ತೂಕ ಬರಲಿ ಅಂತ ಒಬ್ಬೊಬ್ಬ ಪುಣ್ಯಾತ್ಮ ಚೀಲದ ನಡುವೆ ಕಲ್ಲು ಸೇರಿಸಿರ್ತಿದ್ದ. ಕೈಗೆ ಕಲ್ಲು ತಾಗಿದರೆ ತಿರುಗಿ ನೋಡೋ ಹಾಗಿಲ್ಲ, ಹಂಗೇ ಹಿಂದಕ್ಕೆ ಎಸೆಯೋದು. ನೋಡ್ತಾ ಕೂತರೆ ಸಾಯಂಕಾಲಕ್ಕೆ ಚೀಲ ಮುಗಿಯಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ಬೇಕಾಗುತ್ತೆ.

ಟೀಚರಮ್ಮನಿಗೆ ಪ್ರಾಗ್ ಅನ್ನೋ ಊರಲ್ಲಿ ಒಬ್ಬ ಗೆಳತಿ. ಯಹೂದಿ ಹೆಂಗಸು. ಇಬ್ಬರೂ ಒಂದು ಸಲವೂ ಮುಖ ನೋಡಿದ್ದಿಲ್ಲ. ಕಾಲೇಜಿಗೆ ಹೋಗೋವಾಗ ಯಾವುದೋ ಪತ್ರಿಕೆಯಲ್ಲಿ ವಿಳಾಸ ಸಿಕ್ಕಿ ಇವರು ಕಾಗದ ಬರೆದರಂತೆ, ಆಕೆ ಉತ್ತರ ಬರೆದಳಂತೆ, ಆಮೇಲೆ ಇಬ್ಬರಿಗೂ ನಿಲ್ಲಿಸೋಕೆ ಬರಲಿಲ್ಲ. ಐವತ್ತು ವರ್ಷಕ್ಕೂ ಮೇಲೆ ಆಯ್ತು. ಕಾಗದಗಳೆಲ್ಲ ಮೇಜಿನ ಮೇಲೆ ಗಂಟು ಕಟ್ಟಿ ಇಟ್ಟಿದ್ದರು. ಹಾರದ ಹಾಗೆ ಮೇಲೊಂದು ದುಂಡನೆ ಕಲ್ಲು. ಆ ಕಲ್ಲಿನ ಧೂಳು ದಿನಾ ಒರೆಸ್ತಿದ್ದವಳು ನಾನು.

ಹೋದ ವರ್ಷ ಆ ಗೆಳತಿ ತೀರಿಕೊಂಡರು. ಮಗಳು ಫೋನಿಗೆ ಸುದ್ದಿ ಕಳಿಸಿದಳು. ಟೀಚರಮ್ಮ ಅಳಲಿಲ್ಲ. ಒಂದು ದಿನ ಊಟ ಬಿಟ್ಟರು. ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ನಾನು ಪ್ರಾಗಿಗೆ ಹೋಗಬೇಕು ಕಣೇ. ನೀನೂ ಬರ್ತೀಯಾ" ಅಂದರು. ಕೇಳಿದ್ದಲ್ಲ, ಹೇಳಿದ್ದು.

"ಬದುಕಿದ್ದಾಗ ಹೋಗಲಿಲ್ಲ, ಸತ್ತ ಮ್ಯಾಲೆ ಹೋಗಿ ಏನ್ ಮಾಡ್ತೀರಾ?"

"ಮಾತು ಕೊಟ್ಟಿದೀನಿ."

"ಏನಂತ?"

"ಬರ್ತೀನಿ ಅಂತ."

ಅಷ್ಟೇ ಹೇಳಿದ್ದು. ಕಲ್ಲಿನ ಸುದ್ದಿ ಎತ್ತಲೇ ಇಲ್ಲ. ಯಾಕೆ ಅಂತ ಆಮೇಲೆ ಕೇಳಿದರೆ, "ಹೇಳಿದ್ದರೆ ನೀನು ನಗ್ತಿದ್ದೆ" ಅಂತಾರೆ. ನಗ್ತಿದ್ದೆ, ನಿಜ. ಆದರೆ ಬಿಸಾಕ್ತಿರಲಿಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಟೀಚರಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಒಂದು ಪಕ್ಕಕ್ಕೆ ತಗೊಂಡು ಹೋದರು. ನಾನೂ ಪೆಟ್ಟಿಗೆಯೂ ತಕ್ಕಡಿ ಮುಂದೆ. ಅಲ್ಲಿದ್ದ ಹುಡುಗಿ "ತೂಕ ಜಾಸ್ತಿ ಇದೆ ಅಜ್ಜಿ, ಏನಾದ್ರೂ ತೆಗೀರಿ" ಅಂದಳು. ಹಿಂದೆ ಸಾಲು ನಿಂತೋರೆಲ್ಲ ಉಸ್ಸು ಉಸ್ಸು ಅಂತಿದ್ದಾರೆ. ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಹುರಿಹಿಟ್ಟು, ಕೊಬ್ಬರಿ ಚಟ್ನಿಪುಡಿ, ಆ ಮಗಳಿಗೆ ಅಂತ ಎರಡು ಡಜನ್ ಉಂಡೆ ಕೊಬ್ಬರಿ, ಔಷಧಿ, ಟೀಚರಮ್ಮನ ದಪ್ಪ ದಪ್ಪ ಪುಸ್ತಕ, ನನ್ನ ಎಲೆಅಡಿಕೆ ಸಂಚಿ. ಏನು ತೆಗೆಯೋದು? ಕೊಬ್ಬರಿ ನಡುವೆ ಕೈ ಆಡಿಸಿದೆ. ಹಳೇ ಸೀರೆ ಚೂರಲ್ಲಿ ಸುತ್ತಿದ್ದು ಏನೋ ಸಿಕ್ಕಿತು. ಅದುಮಿದರೆ ಕಲ್ಲು.

ಕೊಬ್ಬರಿಯೊಳಗೆ ಕಲ್ಲು. ಕೈ ಅದರ ಕೆಲಸ ಅದು ಮಾಡಿತು. ಬಿಚ್ಚಿ ನೋಡಲಿಲ್ಲ. ಪಕ್ಕದಲ್ಲಿದ್ದ ಕಸದ ಡಬ್ಬಿಗೆ ಎಸೆದೆ. ಧಣ್ ಅಂತು. ಒಂದು ಪುಸ್ತಕ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ. ತಕ್ಕಡಿ ಒಪ್ಪಿತು. "ಸರಿ ಹೋಯ್ತಾ?" ಅಂತ ಟೀಚರಮ್ಮ ದೂರದಿಂದ ಕೂಗಿದರು. "ಸರಿ ಹೋಯ್ತು ಬುಡಿ" ಅಂತ ನಾನೂ ಕೂಗಿದೆ.

ಪ್ರಾಗ್ ಚೆಂದದ ಊರು ಅಂತಾರೆ. ಚೆಂದ ನೋಡೋಕೆ ಕತ್ತೆತ್ತಬೇಕು, ಕತ್ತೆತ್ತಿದರೆ ಕಾಲು ಎಡವುತ್ತೆ. ರಸ್ತೆಗೆಲ್ಲ ಉಬ್ಬು ತಗ್ಗಿನ ಕಲ್ಲು ಹಾಸಿದ್ದಾರೆ. ಅರ್ಧ ಕುರುಡಿಯ ತೋಳು ಹಿಡಿದುಕೊಂಡು ಅದರ ಮೇಲೆ ನಡೆದವರಿಗೇ ಗೊತ್ತು. ಗೆಳತಿಯ ಮಗಳ ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟಿಲ್ಲ. ಮಗಳು ಅಂದರೆ ಹುಡುಗಿಯಲ್ಲ, ಐವತ್ತರ ಹೆಂಗಸು. ಒಬ್ಬಳೇ ಇರೋದು. ಹೆಸರು ಹೇಳೋಕೆ ನನ್ನ ನಾಲಗೆ ಹೊರಳಲ್ಲ, ಆಯಮ್ಮ ಅಂತಲೇ ಕರೆದೆ, ಆಕೆಯೂ ಓಗೊಟ್ಟಳು.

ಆಯಮ್ಮನ ಅಡುಗೆಮನೆಯಲ್ಲಿ ನನಗೆ ತಲೆ ಕೆಟ್ಟುಹೋಯಿತು. ಮಾಂಸಕ್ಕೆ ಒಂದು ಜೊತೆ ಪಾತ್ರೆ, ಹಾಲು ಬೆಣ್ಣೆಗೆ ಇನ್ನೊಂದು ಜೊತೆ. ಚಮಚ ಬೇರೆ, ತೊಳೆಯೋ ನಾರು ಬೇರೆ, ಇಡೋ ಡ್ರಾಯರ್ ಬೇರೆ. ಒಂದಕ್ಕೊಂದು ತಾಗಬಾರದು. ಬಂದ ದಿನವೇ ನಾನು ಮೊಸರಿನ ಚಮಚ ತೊಳೆದು ಮಾಂಸದ ಡ್ರಾಯರಿಗೆ ಹಾಕಿದೆ. ಆಯಮ್ಮ ಏನೂ ಅನ್ನದೆ ಅದನ್ನು ಎತ್ತಿ ಒಂದು ಕಡೆ ಇಟ್ಟಳು.

"ಚಮಚ ಮೈಲಿಗೆ ಆಯ್ತಾ?" ಅಂತ ಟೀಚರಮ್ಮನನ್ನು ಕೇಳಿದೆ.

"ಮೈಲಿಗೆ ಅಲ್ಲ ಕಣೇ. ಅದು ಅವರ ನೇಮ."

"ನಿಮ್ಮವ್ವನೂ ನೇಮ ಅಂತಲೇ ನನಗೆ ಹೊರಗಡೆ ಲೋಟ ಇಟ್ಟಿದ್ರು."

ಟೀಚರಮ್ಮನ ತಾಯಿ ಇದ್ದಷ್ಟು ದಿನ ನನ್ನ ಲೋಟ ಹಿತ್ತಲ ಗೂಡಲ್ಲಿ ಇರ್ತಿತ್ತು. ತಾಯಿ ಹೋದ ಮಾರನೇ ದಿನ ಟೀಚರಮ್ಮನೇ ಅದನ್ನು ಒಳಗೆ ತಂದಿಟ್ಟರು. ಅದಿರಲಿ. ಇಲ್ಲಿ ಆಯಮ್ಮ ಅದೇ ಮೇಜಲ್ಲಿ ನನ್ನ ಪಕ್ಕ ಕೂತು, ನಾನು ಕಲಸಿಕೊಟ್ಟ ಹುರಿಹಿಟ್ಟು ತಿಂದಳು. ನೇಮ ಪಾತ್ರೆಗೆ, ಮನುಷ್ಯರಿಗಲ್ಲ ಅನ್ನೋದು ಅರ್ಥ ಆಯ್ತು. ಆದರೂ ಚಮಚದ ಕಾಟ ಕಾಟವೇ.

ಮಾರನೇ ದಿನ ಶುಕ್ರವಾರ. ಆಯಮ್ಮ ಕೆಲಸಕ್ಕೆ ಹೋಗೋ ದಾರಿಯಲ್ಲಿ ನಮ್ಮನ್ನು ಹಳೇ ಯಹೂದಿ ಕೇರಿಯಲ್ಲಿ ಇಳಿಸಿದಳು. ಟೀಚರಮ್ಮನಿಗೆ ಹಿಡಿಸಲಾರದಷ್ಟು ಹುರುಪು. ಇದು ಇಷ್ಟು ನೂರು ವರ್ಷದ್ದು, ಅದು ಅಷ್ಟು ನೂರು ವರ್ಷದ್ದು ಅಂತ ಪಾಠ ಶುರು. ಕಣ್ಣಿಗೆ ಕಾಣದಿದ್ದರೂ ಎಲ್ಲಿ ಯಾವ ಕಟ್ಟಡ ಇದೆ ಅಂತ ಕಾಗದಗಳಲ್ಲಿ ಓದಿ ಓದಿ ಬಾಯಿಪಾಠ.

"ಎಡಗಡೆ ಗಡಿಯಾರ ಇದೆಯಾ? ಮುಳ್ಳು ಉಲ್ಟಾ ತಿರುಗುತ್ತಾ?"

"ಗಡಿಯಾರ ಐತೆ. ತಿರುಗೋದು ನೋಡೋವಷ್ಟು ಹೊತ್ತು ನಿಂತ್ಕಂಡ್ರೆ ಕಾಲು ಸೇದುತ್ತೆ ಕಣ್ರೀ."

ಒಂದು ಸಿನಗಾಗ್ ಒಳಗೆ ಹೋದೆವು. ಸಿನಗಾಗ್ ಅಂದರೆ ಅವರ ಪ್ರಾರ್ಥನೆಯ ಮನೆ. ದೇವರಿಲ್ಲ, ದೀಪವಿಲ್ಲ. ಗೋಡೆ ತುಂಬ ಬರವಣಿಗೆ. ಮೇಲಿಂದ ಕೆಳಗಿನ ತನಕ, ಈ ಗೋಡೆ ಆ ಗೋಡೆ, ಮೆಟ್ಟಿಲ ಪಕ್ಕ, ಎಲ್ಲೆಲ್ಲೂ ಸಣ್ಣ ಸಣ್ಣ ಅಕ್ಷರ, ಕಪ್ಪು ಕೆಂಪು. ನಮ್ಮ ಕಡೆ ಗುಡಿಗಳಲ್ಲಿ ಟ್ಯೂಬ್‌ಲೈಟಿನ ಮೇಲೆ, ಫ್ಯಾನಿನ ರೆಕ್ಕೆ ಮೇಲೆ ಕೊಟ್ಟೋರ ಹೆಸರು ಬರೆದಿರ್ತಾರಲ್ಲ, ಹಂಗೆ ಅಂದುಕೊಂಡೆ.

"ಏನ್ ಜನ ಕಣ್ರೀ ಇವರು! ಇಷ್ಟು ಜನ ದಾನ ಕೊಟ್ಟವ್ರಾ? ಗುಡಿಲಿ ನೋಡಿದ್ರೆ ಒಂದು ಫ್ಯಾನೂ ಇಲ್ಲ."

ಟೀಚರಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ದಾನ ಕೊಟ್ಟೋರಲ್ಲ ಕಣೇ. ಯುದ್ಧದ ಕಾಲದಲ್ಲಿ ಜರ್ಮನ್ನರು ಮನೆಯಿಂದ ಎಳೆದುಕೊಂಡು ಹೋಗಿ ಕೊಂದ ಯಹೂದಿಗಳು. ಗೋರಿ ಇಲ್ಲ ಅವರಿಗೆ. ಅದಕ್ಕೆ ಗೋಡೆ ಮೇಲೆ ಬರೆದಿದ್ದಾರೆ."

ಸೆರಗು ಹೊದ್ದುಕೊಂಡೆ. ಅವರು ಬ್ಯಾಗಿನಿಂದ ಒಂದು ಚೀಟಿ ತೆಗೆದು ಕೊಟ್ಟರು. "ನನ್ನ ಗೆಳತಿಯ ಅಜ್ಜಿ ತಾತನ ಮನೆತನದ ಹೆಸರು ಇದು. ಹುಡುಕು."

"ನನಗೆ ಇಂಗ್ಲಿಷ್ ಎಲ್ಲಿ ಬತ್ತದೆ?"

"ಓದಬೇಡ. ಹೊಂದಿಸು. ಹಿಟ್ಟಿನಲ್ಲಿ ಅಕ್ಷರ ಕಲಿತೆಯಲ್ಲ, ಹಾಗೆ."

ಕಾವಲು ಹೆಂಗಸು ಯಾವ ಗೋಡೆ ಅಂತ ಕೈ ತೋರಿಸಿದಳು. ಚೀಟಿ ಹಿಡಿದು ನಿಂತೆ. ಮೊದಲನೇದು ಮೂರು ಹಲ್ಲಿನ ಬಾಚಣಿಗೆ ಥರ, ಎರಡನೇದು ಕುಡುಗೋಲು, ಆಮೇಲೆ ನಿಂತ ಕೋಲು. ಒಂದೊಂದೇ ಸಾಲು. ಕತ್ತು ಹಿಡಿಯಿತು. ಜನ ನಮ್ಮನ್ನು ದಾಟಿ ದಾಟಿ ಹೋದರು. ಟೀಚರಮ್ಮ "ಸಿಕ್ತಾ? ಸಿಕ್ತಾ?" ಅಂತ ಐದು ನಿಮಿಷಕ್ಕೊಂದು ಸಲ. "ಸಿಕ್ರೆ ಬಾಯಿ ಮುಚ್ಕಂಡಿರ್ತೀನಾ?" ಅಂದೆ. ಕೊನೆಗೆ ಸಿಕ್ಕಿತು. ಬಾಚಣಿಗೆ, ಕುಡುಗೋಲು, ಕೋಲು, ಎಲ್ಲ ಹೊಂದಿತು.

"ಇಲ್ಲಿ ಐತೆ. ಅದರ ಹಿಂದೆ ಬೇರೆ ಬೇರೆ ಹೆಸರು ಏಳು ಅವೆ."

"ಏಳಾ? ಒಂದೇ ಮನೆಯೋರು" ಅಂದರು ಟೀಚರಮ್ಮ. "ನನ್ನ ಗೆಳತಿಯ ತಾಯಿ ಒಬ್ಬಳೇ ಬದುಕಿ ವಾಪಸ್ ಬಂದಿದ್ದು." ಗೋಡೆ ಮುಟ್ಟೋ ಹಾಗಿರಲಿಲ್ಲ. ಮುಟ್ಟೋ ಹಾಗಿದ್ದಿದ್ದರೆ ಅವರು ಆವತ್ತು ಅಲ್ಲಿಂದ ಹೊರಡ್ತಿರಲಿಲ್ಲ.

ಹೊರಗೆ ಹಳೇ ಸ್ಮಶಾನ. ಗೋರಿಕಲ್ಲುಗಳು ಒಂದರ ಮೇಲೊಂದು ಒರಗಿ, ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತ ಜನರ ಥರ ಇದ್ದವು. ಮುಂದಿನ ಸಾಲಿನ ಕಲ್ಲುಗಳ ನೆತ್ತಿ ಮೇಲೆ ಸಣ್ಣ ಸಣ್ಣ ಕಲ್ಲಿನ ಚೂರು. ಮಕ್ಕಳು ಆಟ ಆಡಿ ಬಿಟ್ಟುಹೋಗಿದ್ದಾರೆ ಅಂದುಕೊಂಡೆ.

"ಇವನ್ನ ಗುಡಿಸೋರು ಯಾರೂ ಇಲ್ವಾ?"

"ಏ, ಮುಟ್ಟೀಯೆ! ಅದು ಅವರ ಪದ್ಧತಿ ಕಣೇ. ಗೋರಿ ನೋಡೋಕೆ ಬಂದೋರು ಹೂವು ಇಡಲ್ಲ, ಕಲ್ಲು ಇಡ್ತಾರೆ. ನಾನು ಬಂದಿದ್ದೆ, ನಿನ್ನ ಮರೆತಿಲ್ಲ ಅಂತ. ಅದಕ್ಕೇ ನಾನೂ ತಂದಿದೀನಿ."

"ನೀವು ಏನ್ ತಂದಿದೀರಿ?"

"ಕಲ್ಲು. ನನ್ನ ಮೇಜಿನ ಮೇಲಿತ್ತಲ್ಲ, ಅದೇ. ಅವಳ ಮೊದಲನೇ ಕಾಗದ ಬಂದಾಗ ತಿಪಟೂರು ಕೆರೆ ಏರಿ ಮೇಲೆ ಕೂತು ಓದಿದೆ, ಅಲ್ಲಿಂದ ಎತ್ತಿಕೊಂಡು ಬಂದಿದ್ದು. ಅವಳಿಗೆ ಬರೆದಿದ್ದೆ ಕೂಡ. 'ನಾನು ಮೊದಲು ಹೋದರೆ ನಿನ್ನ ಕೆರೆಯ ಕಲ್ಲನ್ನು ನನಗೆ ತಂದಿಡು, ನೀನು ಮೊದಲು ಹೋದರೆ ನಮ್ಮ ನದಿಯ ಕಲ್ಲನ್ನು ನಾನು ತರ್ತೀನಿ' ಅಂತ ಅವಳು ಬರೆದಳು. ನಾನು ಆಗಲಿ ಅಂತ ಬರೆದೆ. ಹಳೇ ಸೀರೆ ಚೂರಲ್ಲಿ ಸುತ್ತಿ, ಉರುಳದ ಹಾಗೆ ಕೊಬ್ಬರಿ ನಡುವೆ ಇಟ್ಟಿದೀನಿ."

ನನ್ನ ಕಿವಿಯಲ್ಲಿ ಆ ಧಣ್ ಸದ್ದು ಇನ್ನೊಂದು ಸಲ ಆಯಿತು.

ಹೇಳಿಬಿಡಬೇಕಿತ್ತು. ನಾನು ಬಾಯಿ ಬಡುಕಿ ಅಂತ ಊರಿಗೇ ಗೊತ್ತು. ಆವತ್ತು ಬಾಯಿ ಏಳಲಿಲ್ಲ. ಅವರ ಮೇಲೆ ಸಿಟ್ಟೂ ಬಂತು. ಐವತ್ತು ವರ್ಷದ ಮಾತನ್ನು ಕೊಬ್ಬರಿ ಚೀಲದಲ್ಲಿ ಇಡ್ತಾರಾ ಯಾರಾದರೂ? ಅದೂ ತಿಪಟೂರಿನೋರು? ಬರೋ ದಾರಿಯಲ್ಲಿ ಒಂದು ಮರದ ಬುಡದಿಂದ ದುಂಡನೆ ಕಲ್ಲೊಂದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಣ್ಣು ಕಾಣಲ್ಲವಲ್ಲ, ಇದನ್ನೇ ಕೊಟ್ಟರಾಯ್ತು ಅಂತ.

ಸಾಯಂಕಾಲ ಆಯಮ್ಮ ಎರಡು ಮೇಣದ ಬತ್ತಿ ಹಚ್ಚಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ಅಲ್ಲಿಂದ ಶನಿವಾರ ನಕ್ಷತ್ರ ಕಾಣೋ ತನಕ ಅವರಿಗೆ ವಾರದ ಬಿಡುವಿನ ದಿನ, ಅವಳು ಒಲೆ ಹಚ್ಚಲ್ಲ, ಸ್ವಿಚ್ ಮುಟ್ಟಲ್ಲ, ಫೋನ್ ಎತ್ತಲ್ಲ. ಸ್ಮಶಾನವೂ ಶನಿವಾರ ಮುಚ್ಚಿರುತ್ತೆ. ಭಾನುವಾರವೇ ಹೋಗೋದು. ಶನಿವಾರ ಬೆಳಿಗ್ಗೆ, ಹಿಂದಿನ ದಿನ ಕಾಯಿಸಿ ಇಟ್ಟ ನೀರಿನಲ್ಲಿ ಕಾಫಿ ಕುಡಿದೆ. ಕಾಫಿ ಅನ್ನೋ ಹಾಗಿರಲಿಲ್ಲ. ಒಂದು ಇಡೀ ದಿನ ಕೆಲಸ ಇಲ್ಲದೆ ಕೂತಿರೋದು ನನಗೆ ಜೀವಮಾನದಲ್ಲಿ ಅದೇ ಮೊದಲು. ಆಯಮ್ಮ ಮಾತ್ರ ಆರಾಮಾಗಿ ಪುಸ್ತಕ ಹಿಡಿದು ಕೂತಿದ್ದಳು.

ಹನ್ನೊಂದು ಗಂಟೆ ಹೊತ್ತಿಗೆ ಟೀಚರಮ್ಮ, "ಆ ಗಂಟು ಕೊಡೇ, ನಾಳೆಗೆ ನನ್ನ ಕೈಚೀಲದಲ್ಲೇ ಇಟ್ಟುಕೊಳ್ತೀನಿ" ಅಂದರು.

ನಾನು ನನ್ನ ಸೀರೆಗಂಟಿನಿಂದ ಮರದ ಬುಡದ ಕಲ್ಲು ತೆಗೆದು ಕೊಟ್ಟೆ. ಅವರು ಹೆಬ್ಬೆರಳಿಂದ ಒಂದು ಸಲ ಸವರಿದರು.

"ಇದು ಇಲ್ಲಿಯದು. ನಮ್ಮದು ಕೊಡು."

"ಅದೇ ಕಣ್ರೀ."

"ಇತಿಹಾಸದ ಟೀಚರಿಗೆ ಸುಳ್ಳು ಹೇಳಬೇಡ."

ನನಗೆ ಸುಳ್ಳು ಬರಲ್ಲ ಅಂತಲ್ಲ. ಆವತ್ತು ಕೆಟ್ಟದಾಗಿ ಹೇಳಿದೆ, ಅಷ್ಟೇ. ಆಮೇಲೆ ಇದ್ದದ್ದು ಇದ್ದ ಹಾಗೆ ಹೇಳಿದೆ. ತಕ್ಕಡಿ, ಕೊಬ್ಬರಿ, ಡಬ್ಬಿ, ಎಲ್ಲ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಬಯ್ದು ಮುಗೀತಿತ್ತು. ಕಲ್ಲನ್ನು ಮೇಜಿನ ಮೇಲಿಟ್ಟು, ಕಿಟಕಿ ಕಡೆ ಮುಖ ಮಾಡಿ ಕೂತರು. ಏನಾಯಿತು ಅಂತ ಆಯಮ್ಮ ಕೇಳಿದಳು. ಇಂಗ್ಲಿಷಿನಲ್ಲಿ ಹೇಳಿದರು. ಯಾವ ಕಲ್ಲಾದರೂ ಆಗುತ್ತೆ, ಅಮ್ಮ ಬೇಜಾರು ಮಾಡಿಕೊಳ್ಳಲ್ಲ ಅಂತ ಆಯಮ್ಮ ಅಂದಳಂತೆ.

"ಅವಳು ಬೇಜಾರು ಮಾಡಿಕೊಳ್ಳಲ್ಲ. ನಾನು ಮಾಡಿಕೊಳ್ತೀನಿ" ಅಂತ ಟೀಚರಮ್ಮ ಕನ್ನಡದಲ್ಲಿ ನನಗೆ ಹೇಳಿದರು.

ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ನನಗೆ ಬಾಯಲ್ಲಿ ಇರೋದು ಎರಡು ಹಲ್ಲು, ಅದೂ ಒಂದಕ್ಕೊಂದು ಎದುರಿಲ್ಲ. ಎಲೆಅಡಿಕೆ ಕುಟ್ಟಿಯೇ ಹಾಕಿಕೊಳ್ಳಬೇಕು. ಅಡುಗೆಮನೆಗೆ ಹೋಗಿ, ಸಂಚಿ ಬಿಚ್ಚಿ, ಪುಟ್ಟ ಮರದ ಬಟ್ಟಲಲ್ಲಿ ಅಡಿಕೆ ಹಾಕಿ ಕುಟ್ಟೋಕೆ ಶುರು ಮಾಡಿದೆ. ಟೊಕ್, ಟೊಕ್, ಟೊಕ್.

"ಏನದು ಸದ್ದು?" ಕೋಣೆಯಿಂದ ಟೀಚರಮ್ಮ.

"ಅಡಿಕೆ ಕುಟ್ತಾ ಇವ್ನಿ."

"ಯಾವುದರಿಂದ?"

ನಾನು ಕೈ ನಿಲ್ಲಿಸಿದೆ. ಆಗ ನನಗೂ ಹೊಳೆಯಿತು.

"ಕೇಳಿದ್ದು ಕೇಳಿಸ್ತಾ? ಯಾವುದರಿಂದ ಕುಟ್ತಾ ಇದೀಯಾ?"

"ಕಲ್ಲಿಂದ."

"ಓಹೋ" ಅಂದರು. "ನಿನ್ನ ಕಲ್ಲಿಗೆ ತೂಕ ಇರಲಿಲ್ಲ ಅನ್ನು."

ಅದೇ ಪೆಟ್ಟಿಗೆ, ಅದೇ ತಕ್ಕಡಿ. ನನ್ನ ಕಲ್ಲು ಸಂಚಿಯಲ್ಲಿತ್ತು, ಅದು ಕಲ್ಲು ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ನಮ್ಮತ್ತೆಯ ಕಲ್ಲು ಅದು. ಹಂದನಕೆರೆ ಕಡೆ ಹಳ್ಳದಲ್ಲಿ ನೀರು ನಯ ಮಾಡಿದ ಕಲ್ಲು. ಅತ್ತೆ ಸತ್ತಾಗ ನನಗೆ ಸಿಕ್ಕಿದ್ದು ಅದೊಂದೇ. ಒಳ್ಳೆ ಹೆಂಗಸೇನಲ್ಲ ಅತ್ತೆ, ಅದಕ್ಕೆ ಅಂತಲ್ಲ. ಆ ಕಲ್ಲು ಕೈಗೆ ಕೂತಿತ್ತು. ಒಂದು ಮಗ್ಗುಲಲ್ಲಿ ಹೆಬ್ಬೆರಳು ಊರಿ ಊರಿ ತಗ್ಗು ಬಿದ್ದಿತ್ತು, ಅರ್ಧ ಅತ್ತೆಯ ಬೆರಳು, ಅರ್ಧ ನನ್ನದು. ಹೊಡೆದರೆ ಅಡಿಕೆ ಹಾರ್ತಿರಲಿಲ್ಲ, ಹಂಗೇ ಪುಡಿಯಾಗ್ತಿತ್ತು.

ಕೊಡು ಅಂತ ಟೀಚರಮ್ಮ ಒಂದು ಮಾತೂ ಹೇಳಲಿಲ್ಲ. ಅದೇ ನೋಡಿ ನನಗೆ ಮೈ ಉರಿದದ್ದು. ಕೇಳಿದ್ದರೆ ಆಗಲ್ಲ ಅನ್ನಬಹುದಿತ್ತು. ಸಾಯಂಕಾಲದ ತನಕ ಕಿಟಕಿ ಕಡೆ ಕೂತೇ ಇದ್ದರು. ನಾನು ಕುಟ್ಟದೆ ಬರೀ ಅಡಿಕೆಯನ್ನು ದವಡೆಗೆ ಇಟ್ಟುಕೊಂಡು ಚೀಪಿದೆ. ವಸಡು ಬಿರಿಯಿತು.

ಭಾನುವಾರ ಬೆಳಿಗ್ಗೆ ಟ್ರಾಮಿನಲ್ಲಿ ಹೋದೆವು. ಕಲ್ಲನ್ನು ಸೀರೆಗಂಟಿಗೆ ಸೇರಿಸಿಕೊಂಡಿದ್ದೆ. ಕೊಡ್ತೀನಿ ಅಂತ ತೀರ್ಮಾನ ಮಾಡಿರಲಿಲ್ಲ. ಇರಲಿ ಅಂತ ಇಟ್ಟುಕೊಂಡಿದ್ದೆ. ಹೊಸ ಸ್ಮಶಾನ ಅದು, ಅಗಲವಾದ ದಾರಿ, ಎರಡು ಕಡೆ ಮರ, ಮರಕ್ಕೆ ಹಬ್ಬಿದ ಬಳ್ಳಿ. ಗೆಳತಿಯ ಗೋರಿಕಲ್ಲು ಕಪ್ಪಗೆ, ಹೊಳಪಾಗಿ ಇತ್ತು. ಮೇಲೆ ಏಳೆಂಟು ಕಲ್ಲು ಸಾಲಾಗಿ. ಆಯಮ್ಮ ಕೋಟಿನ ಜೇಬಿನಿಂದ ತನ್ನದೊಂದು ತೆಗೆದು ಇಟ್ಟಳು.

ಟೀಚರಮ್ಮ ಮುಂದೆ ಹೋಗಿ, ಕೆತ್ತಿದ ಅಕ್ಷರದ ಮೇಲೆ ಬೆರಳು ಆಡಿಸಿದರು. ಒಂದೊಂದೇ ಅಕ್ಷರ. ಐವತ್ತು ವರ್ಷ ಲಕೋಟೆ ಮೇಲೆ ಬರೆದ ಹೆಸರು ಅದು. ಬೆರಳು ಕೊನೆ ಅಕ್ಷರಕ್ಕೆ ಬಂದು ನಿಂತಿತು. ಎರಡೂ ಕೈ ಕೆಳಗೆ ಬಿಟ್ಟರು. ಬರಿ ಕೈ. ಕೋಟಿನ ತೋಳು ಉದ್ದ ಇತ್ತು, ಅದರೊಳಗಿಂದ ಅರ್ಧ ಬೆರಳು ಕಾಣ್ತಿದ್ದವು. ಪರೀಕ್ಷೆಗೆ ಪೆನ್ನು ಮರೆತುಬಂದ ಮಕ್ಕಳು ನಿಲ್ಲಲ್ವಾ, ಹಂಗೆ ನಿಂತಿದ್ದರು. ಅಷ್ಟು ವರ್ಷ ಆ ಮಕ್ಕಳನ್ನು ಗದರಿದವರು ಇವರೇ.

ನೋಡೋಕಾಗಲಿಲ್ಲ. ಕರುಣೆ ಅಂತ ತಿಳ್ಕೋಬೇಡಿ, ಕಿರಿಕಿರಿ.

"ಹಿಡೀರಿ" ಅಂತ ಅವರ ಕೈಗೆ ಕಲ್ಲು ತುರುಕಿದೆ. "ಅಡಿಕೆ ಕಲೆ ಐತೆ. ಎಷ್ಟು ತೊಳೆದ್ರೂ ಹೋಗಲ್ಲ."

ಅವರು ಸವರಿದರು. ಹೆಬ್ಬೆರಳು ತಗ್ಗಿಗೆ ಹೋಗಿ ಕೂತಿತು. ಮೂಗಿನ ಹತ್ತಿರ ಹಿಡಿದರು. ಸುಣ್ಣ, ಅಡಿಕೆ, ಹೊಗೆಸೊಪ್ಪಿನ ವಾಸನೆ ಬಂದಿರಬೇಕು.

"ಇದು ಎಲ್ಲಿಯ ಕಲ್ಲು?"

"ಹಂದನಕೆರೆ ಕಡೆ ಹಳ್ಳದ್ದು."

"ನಾನು ಅವಳಿಗೆ ತಿಪಟೂರಿನ ಕಲ್ಲು ಅಂತ ಬರೆದಿದ್ದೆ. ಹಂದನಕೆರೆ ಚಿಕ್ಕನಾಯಕನಹಳ್ಳಿ ತಾಲ್ಲೂಕು."

ಅಯ್ಯೋ ನನ್ನ ಕರ್ಮವೇ! "ಆಯಮ್ಮನ ಅವ್ವ ಎದ್ದು ಬಂದು ತಾಲ್ಲೂಕು ಕೇಳ್ತಾಳಾ? ಬೇಡಾಂದ್ರೆ ಕೊಡಿ ಇತ್ಲಾಗೆ. ನನ್ನ ವಸಡು ಕಿತ್ತು ಬತ್ತಾ ಐತೆ."

ಟೀಚರಮ್ಮ ನಕ್ಕರು. ಸ್ಮಶಾನದಲ್ಲಿ ಹಂಗೆ ನಗಬಾರದು. ಆಯಮ್ಮ ಏನು ಅಂತ ಕೇಳಿದಳು, ಇವರು ಅರ್ಧ ಹೇಳಿ ಬಿಟ್ಟರು. ಆಮೇಲೆ ಗೋರಿಕಲ್ಲಿನ ಅಂಚು ತಡಕಿ, ಉಳಿದ ಕಲ್ಲುಗಳ ಕೊನೆಗೆ ನನ್ನ ಕಲ್ಲನ್ನು ಇಟ್ಟರು. ಬೇರೆಯವೆಲ್ಲ ಗೋಲಿ ಗಾತ್ರ, ನಮ್ಮದು ಮುಷ್ಟಿ ಗಾತ್ರ. ಎಮ್ಮೆ ಕುರಿ ಹಿಂಡಿನಲ್ಲಿ ನಿಂತ ಹಾಗೆ ಕಾಣ್ತಿತ್ತು.

ಬಾಗಿಲ ಹತ್ತಿರ ನಲ್ಲಿ ಇತ್ತು. ಅಲ್ಲಿಂದ ಹೊರಡೋವಾಗ ಕೈ ತೊಳೆಯೋದು ಅವರ ಪದ್ಧತಿ. ನಮ್ಮಲ್ಲೂ ಹಂಗೇ ಅಲ್ವಾ, ನಾನೂ ತೊಳೆದೆ. ಆ ಊರಲ್ಲಿ ನನಗೆ ಯಾರೂ ಹೇಳಿಕೊಡದೆ ಸರಿಯಾಗಿ ಬಂದ ಕೆಲಸ ಅದೊಂದೇ.

ವಾಪಸ್ ಬಂದ ಮೇಲೆ ಟೀಚರಮ್ಮ ನನಗೆ ಕಬ್ಬಿಣದ ಕುಟ್ಟಾಣಿ ತರಿಸಿಕೊಟ್ಟರು. ಅಡಿಕೆಗೆ ತುಕ್ಕಿನ ರುಚಿ ಬರುತ್ತೆ. ಆಮೇಲೆ ತಾವೇ ಕೋಲೂರಿಕೊಂಡು ನನ್ನ ತೋಳು ಹಿಡಿದು ಕೆರೆ ಏರಿಗೆ ಬಂದು, ತಡಕಿ ತಡಕಿ ಒಂದು ಕಲ್ಲು ಆರಿಸಿಕೊಟ್ಟರು. ಅದು ಮರಳುಮರಳಾಗಿ ಉದುರುತ್ತೆ. ಇರೋ ಎರಡು ಹಲ್ಲಿಗೂ ಸಂಚಕಾರ. ಈಗ ಅದು ಮೇಜಿನ ಮೇಲೆ ಕಾಗದಗಳ ಗಂಟಿನ ಮೇಲಿದೆ. ದಿನಾ ಧೂಳು ಒರೆಸೋದು ಮತ್ತೆ ನನಗೇ ಬಂತು.

ಆಯಮ್ಮ ಸ್ಮಶಾನಕ್ಕೆ ಹೋದಾಗಲೆಲ್ಲ ಫೋನಿಗೆ ಫೋಟೋ ಕಳಿಸ್ತಾಳೆ. ಟೀಚರಮ್ಮನಿಗೆ ಈಗ ಫೋನಿನಲ್ಲಿ ಏನೂ ಕಾಣಲ್ಲ. ನನ್ನನ್ನು ಕರೀತಾರೆ.

"ಇದೆಯೇನೇ?"

"ಐತೆ. ಕಲ್ಲು ಎಲ್ಲಿಗೆ ಹೋಗುತ್ತೆ, ಅದಕ್ಕೇನು ಕಾಲಿದಾವಾ?"

"ಸರಿಯಾಗಿ ನೋಡು."

ಹೋದ ವಾರ ಬಂದ ಫೋಟೋ ಸರಿಯಾಗಿ ನೋಡಿದೆ. ಹಿಮ ಕರಗಿದ ಮೇಲೆ ತೆಗೆದಿದ್ದು. ಹೆಬ್ಬೆರಳಿನ ತಗ್ಗು ಮೇಲಕ್ಕೆ ಇದೆ, ತಗ್ಗಿನಲ್ಲಿ ನೀರು ನಿಂತಿದೆ. ಟೀಚರಮ್ಮ ಆವತ್ತು ಹಂಗೇ ಇಟ್ಟಿದ್ದರು ಅಂತ ಕಾಣುತ್ತೆ.

"ತಲೆಕೆಳಗಾಗಿ ಇಟ್ಟಿದೀರಾ ನೀವು" ಅಂದೆ. "ನೀರು ನಿಂತು ಪಾಚಿ ಕಟ್ಟುತ್ತೆ. ತಿರುಗಿಸಿ ಇಡೋಕೆ ಹೇಳಿ ಆಯಮ್ಮನಿಗೆ."

"ಇರಲಿ ಬಿಡೇ. ಗುಬ್ಬಿ ನೀರು ಕುಡಿಯುತ್ತೆ."

"ಗುಬ್ಬಿ ಕುಡಿಯೋಕೆ ಕೊಟ್ಟಿದ್ದಾ ನಾನು?"

ಅವರು ನಗ್ತಾ ಕೂತರು. ನಾನು ಅಡುಗೆಮನೆಗೆ ಬಂದು ಕುಟ್ಟಾಣಿ ಎತ್ತಿಕೊಂಡೆ. ಒಂದು ಏಟಿಗೆ ಅಡಿಕೆ ಹಾರಿ ಹಾಲಿನ ಪಾತ್ರೆಗೆ ಬಿತ್ತು.

"ಪಾತ್ರೆ ಮುಚ್ಚಿಲ್ವಾ?" ಅಂದರು ನಡುಮನೆಯಿಂದ.